ಎರಡು ದಿನಕ್ಕೆ ಮುಗಿದ ಟೆಸ್ಟ್, ಎರಡು ಸೂಪರ್ ಓವರ್‌ಗೆ ಹೋದ ಪಂದ್ಯ

ಮಳೆಗಾಲ ಮುಗಿದು ಗದ್ದೆ ಒಣಗಿತೆಂದರೆ ಸಾಕು, ಸಂಪಾಜೆಯಿಂದ ಸುಳ್ಯದವರೆಗೆ ರಸ್ತೆ ಬದಿಯಲ್ಲಿ ಬ್ಯಾನರ್‌ಗಳು ಏಳುತ್ತವೆ. ಹೊನಲು ಬೆಳಕಿನ ಕ್ರಿಕೆಟ್ ಪಂದ್ಯಾಟ, ಪ್ರಥಮ ಬಹುಮಾನ ಇಷ್ಟು, ದ್ವಿತೀಯ ಇಷ್ಟು, ಜೊತೆಗೊಂದು ಆಳೆತ್ತರದ ಟ್ರೋಫಿ. "ಇವಕ್ಕೆ ಬೇರೆ ಕೆಲಸ ಇಲ್ವಾ?" ಎನ್ನುವ ಹಿರಿಯರು ಎಲ್ಲ ಜಮಾಅತ್‌ನಲ್ಲೂ ಇದ್ದಾರೆ. ಹುಡುಗರ ಬಳಿ ಈಗ ಅದಕ್ಕೊಂದು ಸಿದ್ಧ ಉತ್ತರವಿದೆ: "ಅಫ್ಘಾನಿಸ್ತಾನದವರನ್ನು ನೋಡಿ ಕಾಕ, ನಿರಾಶ್ರಿತರ ಶಿಬಿರದಲ್ಲಿ ಆಡಿ ಎಲ್ಲಿಗೆ ತಲುಪಿದ್ರು!"

ಉತ್ತರ ತಪ್ಪಲ್ಲ. ಆದರೆ ಅದು ಅರ್ಧ ಕತೆ. ಉಳಿದರ್ಧವನ್ನು ಹೇಳಲು ಬೆಂಗಳೂರಿಗೇ ಹೋಗಬೇಕು.

ಅಫ್ಘಾನಿಸ್ತಾನ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2018ರ ಜೂನ್ 14ರಂದು. ರಂಝಾನ್ ಮುಗಿದು ಪೆರ್ನಾಲ್ ಬರುವ ಹೊತ್ತು. ಮೊದಲ ದಿನ ಊಟದ ವಿರಾಮಕ್ಕೆ ಮುಂಚೆಯೇ ಶಿಖರ್ ಧವನ್ ಶತಕ ಬಾರಿಸಿದರು, ಭಾರತ 474 ರನ್ ಪೇರಿಸಿತು. ಅದರಲ್ಲಿ 54 ರನ್ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರದ್ದು. ಎರಡನೇ ದಿನ ಅಫ್ಘಾನರು 109ಕ್ಕೆ ಒಮ್ಮೆ, 103ಕ್ಕೆ ಇನ್ನೊಮ್ಮೆ ಆಲೌಟ್. ಇನ್ನಿಂಗ್ಸ್ ಮತ್ತು 262 ರನ್ ಸೋಲು, ಐದು ದಿನದ ಆಟ ಎರಡೇ ದಿನಕ್ಕೆ ಖತಂ. ಗೆದ್ದ ನಾಯಕ ಅಜಿಂಕ್ಯ ರಹಾನೆ ಟ್ರೋಫಿ ಜೊತೆಗಿನ ಫೋಟೋಕ್ಕೆ ಅಫ್ಘಾನ್ ತಂಡವನ್ನೂ ಕರೆದು ನಿಲ್ಲಿಸಿಕೊಂಡರು. ಆ ಒಳ್ಳೆಯತನವನ್ನು ಈಗಿನ ದಿನಗಳಲ್ಲಿ ನೆನಪಿಟ್ಟುಕೊಳ್ಳಲೇಬೇಕು.

ಅದೇ ಮೈದಾನ, 2024ರ ಜನವರಿ 17. ಟ್ವೆಂಟಿ20 ಪಂದ್ಯ. ರೋಹಿತ್ ಶರ್ಮಾ 121 ಹೊಡೆದು ಭಾರತ 212 ಗಳಿಸಿತು, ಅಫ್ಘಾನಿಸ್ತಾನವೂ ಸರಿಯಾಗಿ 212. ಸೂಪರ್ ಓವರ್ ಕೂಡಾ 16-16 ಟೈ. ಎರಡನೇ ಸೂಪರ್ ಓವರ್ ಆಡಿಸಿ ಭಾರತ ಗೆಲ್ಲಬೇಕಾಯಿತು. ಎರಡು ದಿನ ನಿಲ್ಲಲಾಗದ ತಂಡ ಆರು ವರ್ಷದೊಳಗೆ ಇಲ್ಲಿಗೆ ಬಂದು ನಿಂತಿತ್ತು. ಟೆಸ್ಟೇ ಬೇರೆ, ಟ್ವೆಂಟಿ20ಯೇ ಬೇರೆ ಎಂದು ತಕರಾರು ತೆಗೆಯುವವರಿಗೆ 2023ರ ಏಕದಿನ ವಿಶ್ವಕಪ್ ಇದೆ: ದಿಲ್ಲಿಯಲ್ಲಿ ಇಂಗ್ಲೆಂಡ್, ಚೆನ್ನೈಯಲ್ಲಿ ಪಾಕಿಸ್ತಾನ, ಪುಣೆಯಲ್ಲಿ ಶ್ರೀಲಂಕಾ, ಎಲ್ಲರಿಗೂ ಸೋಲುಣಿಸಿದ್ದು ಇವರೇ. ಮರುವರ್ಷ ಟ್ವೆಂಟಿ20 ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾವನ್ನೂ ಸೋಲಿಸಿ ಸೆಮಿಫೈನಲ್.

ಇನ್ನು ಶಿಬಿರದ ಮಾತು. ಸೋವಿಯತ್ ಸೇನೆ ನುಗ್ಗಿದ ಮೇಲೆ ಲಕ್ಷಾಂತರ ಅಫ್ಘಾನರು ಗಡಿ ದಾಟಿ ಪೇಶಾವರದ ಸುತ್ತಮುತ್ತ ಡೇರೆ ಹಾಕಿದರು. ಕಚಾ ಗಢಿ ಎಂಬ ಶಿಬಿರದಲ್ಲಿ ಬೆಳೆದ ತಾಜ್ ಮಲಿಕ್ ಅಲ್ಲಿಯ ಹುಡುಗರನ್ನು ಒಟ್ಟುಗೂಡಿಸಿ ತಂಡ ಕಟ್ಟಿದರು. ಶಿಬಿರ ಎಂದರೇನು ಎಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಆ ಟೆಸ್ಟ್ ನಡೆದು ಎರಡು ತಿಂಗಳಿಗೆ, 2018ರ ಆಗಸ್ಟಿನಲ್ಲಿ, ಜೋಡುಪಾಲದಲ್ಲಿ ಗುಡ್ಡ ಜರಿದು ಮನೆ ಬಿಟ್ಟವರು ಸಂಪಾಜೆ, ಅರಂತೋಡಿನ ಪರಿಹಾರ ಕೇಂದ್ರಗಳಲ್ಲಿ ಉಳಿದದ್ದನ್ನು ನಾವು ಕಂಡಿದ್ದೇವೆ. ಜಾತಿ ಧರ್ಮ ಕೇಳದೆ ಅನ್ನ ಬಡಿಸಿದ ಕೈಗಳಲ್ಲಿ ನಮ್ಮ ಹುಡುಗರವೂ ಇದ್ದವು. ಕೆಲವೇ ವಾರಗಳ ಆ ವಾಸ ಎಷ್ಟು ಕಷ್ಟದ್ದಿತ್ತು! ಅಲ್ಲಿ ಒಂದಿಡೀ ತಲೆಮಾರು ಹಾಗೆಯೇ ಬೆಳೆಯಿತು.

ಆದರೆ ಕಷ್ಟ ಮಾತ್ರ ತಂಡ ಕಟ್ಟುವುದಿಲ್ಲ. ಕಷ್ಟವೇ ಸಾಕಾಗುತ್ತಿದ್ದರೆ ಜಗತ್ತಿನ ಎಲ್ಲ ನಿರಾಶ್ರಿತರ ಶಿಬಿರದಿಂದಲೂ ಒಬ್ಬೊಬ್ಬ ರಶೀದ್ ಖಾನ್ ಬರಬೇಕಿತ್ತು. ಅಫ್ಘಾನರಿಗೆ ಸಿಕ್ಕಿದ್ದು ಹತ್ತಲು ಒಂದು ಏಣಿ. 2001ರಲ್ಲಿ ಐಸಿಸಿಯ ಸದಸ್ಯತ್ವ ಸಿಕ್ಕಿತು. 2008ರಲ್ಲಿ ಜೆರ್ಸಿ ಎಂಬ ಪುಟ್ಟ ದ್ವೀಪದಲ್ಲಿ ವಿಶ್ವ ಲೀಗಿನ ಐದನೇ ಡಿವಿಷನ್ ಗೆದ್ದರು, ಅದೇ ವರ್ಷ ತಾಂಜಾನಿಯಾದಲ್ಲಿ ನಾಲ್ಕನೆಯದು, ಮುಂದಿನ ಜನವರಿಯಲ್ಲಿ ಅರ್ಜೆಂಟೀನಾದಲ್ಲಿ ಮೂರನೆಯದು. 2009ರಲ್ಲೇ ಏಕದಿನ ಮಾನ್ಯತೆ. ಜೆರ್ಸಿಯಿಂದ ಬೆಂಗಳೂರಿನ ಟೆಸ್ಟಿಗೆ ಬರೀ ಹತ್ತು ವರ್ಷ. ಈ ನಡುವೆ ದೇಶದೊಳಗೆ ತಮ್ಮದೇ ಟ್ವೆಂಟಿ20 ಲೀಗ್ ಮಾಡಿಕೊಂಡರು, ನಾಲ್ಕು ದಿನದ ಪಂದ್ಯಗಳನ್ನು ಆಡಿಸಿದರು. 2017ರಲ್ಲಿ ಅವರ ಹತ್ತೊಂಬತ್ತರೊಳಗಿನ ಹುಡುಗರು ಏಷ್ಯಾ ಕಪ್ ಗೆದ್ದದ್ದು ಸುಮ್ಮನೆ ಅಲ್ಲ.

ಸ್ವಂತ ನೆಲದಲ್ಲಿ ಆಡುವಂತಿರಲಿಲ್ಲ, ಹಾಗಾಗಿ ಶಾರ್ಜಾ ಅವರಿಗೆ ತವರಾಯಿತು. ಗಲ್ಫ್‌ನಲ್ಲಿ ಟ್ಯಾಕ್ಸಿ ಓಡಿಸುವ ಪಠಾಣರ ಪಕ್ಕದಲ್ಲಿ ಕೂತು ಆ ಪಂದ್ಯಗಳನ್ನು ನೋಡಿದವರು ನಮ್ಮ ಮನೆಗಳಲ್ಲೂ ಇದ್ದಾರೆ. ಆಮೇಲೆ ಗ್ರೇಟರ್ ನೋಯ್ಡಾ, ಡೆಹ್ರಾಡೂನ್, ಲಕ್ನೋ ಮೈದಾನಗಳನ್ನು ಭಾರತ ಬಿಟ್ಟುಕೊಟ್ಟಿತು. ಅವರ ಮೊದಲ ಟೆಸ್ಟ್ ಗೆಲುವು ಡೆಹ್ರಾಡೂನಿನದ್ದೇ, 2019ರಲ್ಲಿ ಐರ್ಲೆಂಡ್ ವಿರುದ್ಧ. ಪೂರ್ಣ ಸದಸ್ಯತ್ವ ಸಿಕ್ಕಾಗ ಕೋಚ್ ಆಗಿದ್ದವರು ಲಾಲ್‌ಚಂದ್ ರಜಪೂತ್. 2023ರಲ್ಲಿ ಜೊತೆಗಿದ್ದವರು ಅಜಯ್ ಜಡೇಜಾ. ಚೆನ್ನೈಯಲ್ಲಿ ಪಾಕಿಸ್ತಾನವನ್ನು ಸೋಲಿಸಿದ ರಾತ್ರಿ ಆಟಗಾರರು ಮೈದಾನ ಸುತ್ತಿ ಪ್ರೇಕ್ಷಕರಿಗೆ ವಂದಿಸಿದರು. ಅವರ ಆಟಕ್ಕೆ ಚಪ್ಪಾಳೆ ತಟ್ಟುವವರನ್ನು ಸಂಶಯದಿಂದ ನೋಡುವವರು ಅವತ್ತಿನ ಆ ಗ್ಯಾಲರಿಯನ್ನು ಒಮ್ಮೆ ನೋಡಲಿ.

ಯುದ್ಧ ಮಾತ್ರ ಬೆನ್ನು ಬಿಡಲಿಲ್ಲ. ಬೆಂಗಳೂರು ಟೆಸ್ಟಿಗೆ ನಾಲ್ಕು ವಾರ ಮುಂಚೆ, ರಂಝಾನಿನ ಒಂದು ರಾತ್ರಿ, ಜಲಾಲಾಬಾದಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದಾಗ ಬಾಂಬ್ ಸಿಡಿದು ಕನಿಷ್ಠ ಎಂಟು ಮಂದಿ ಸತ್ತರು. ನಮ್ಮಲ್ಲಿ ನಡೆಯುವಂಥದ್ದೇ ಹೊನಲು ಬೆಳಕಿನ ಆಟ. ಒಂದು ವಾರದ ಬಳಿಕ ಐಪಿಎಲ್‌ನಲ್ಲಿ ಪಂದ್ಯಶ್ರೇಷ್ಠರಾದ ರಶೀದ್ ಖಾನ್ ಆ ಪ್ರಶಸ್ತಿಯನ್ನು ಸತ್ತವರಿಗೆ ಅರ್ಪಿಸಿದರು.

ಇಷ್ಟೆಲ್ಲ ಸಂತೋಷದ ನಡುವೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳೊಂದಿದೆ. 2020ರ ನವೆಂಬರಿನಲ್ಲಿ ಅಫ್ಘಾನ್ ಮಂಡಳಿ 25 ಹೆಣ್ಣುಮಕ್ಕಳಿಗೆ ಗುತ್ತಿಗೆ ಕೊಟ್ಟಿತ್ತು. ಮರುವರ್ಷ ತಾಲಿಬಾನ್ ಬಂತು, ಆ ಹುಡುಗಿಯರಲ್ಲಿ ಹೆಚ್ಚಿನವರು ಆಸ್ಟ್ರೇಲಿಯಾ ಸೇರಿದರು. ಅವರು ಒಂದು ತಂಡವಾಗಿ ಮತ್ತೆ ಮೈದಾನಕ್ಕಿಳಿದದ್ದು 2025ರ ಜನವರಿ 30ರಂದು, ಮೆಲ್ಬರ್ನಿನಲ್ಲಿ. ಅದೂ ದೇಶದ ಅಧಿಕೃತ ತಂಡವಾಗಿ ಅಲ್ಲ. ಟೆಸ್ಟ್ ಆಡುವ ದೇಶಕ್ಕೆ ಮಹಿಳಾ ತಂಡ ಇರಬೇಕೆಂಬ ನಿಯಮ ಐಸಿಸಿಯ ಪುಸ್ತಕದಲ್ಲಿದೆ, ಪುಸ್ತಕದಲ್ಲೇ ಇದೆ. ಹೆಣ್ಣುಮಕ್ಕಳಿಗೆ ವೈದ್ಯಕೀಯ ತರಬೇತಿಯೂ ಬೇಡವೆಂಬ ಆದೇಶದ ಸುದ್ದಿ 2024ರ ಡಿಸೆಂಬರಿನಲ್ಲಿ ಬಂದಾಗ ರಶೀದ್ ಖಾನ್ ಮತ್ತು ಮುಹಮ್ಮದ್ ನಬಿ ಬಹಿರಂಗವಾಗಿ ವಿರೋಧಿಸಿದರು. ವಿದ್ಯೆ ಗಂಡಿಗೂ ಹೆಣ್ಣಿಗೂ ಬೇಕೆಂಬುದು ಇಸ್ಲಾಮಿನ ಬೋಧನೆ ಎಂದು ರಶೀದ್ ನೆನಪಿಸಿದರು. ಮನೆಯವರು ಅಲ್ಲೇ ಇರುವಾಗ ಹಾಗೆ ಮಾತಾಡುವುದಕ್ಕೆ ಗುಂಡಿಗೆ ಬೇಕು.

ಈಗ ನಮ್ಮ ಬ್ಯಾನರ್‌ಗಳಿಗೆ ಬರೋಣ. ಒಂದು ರಾತ್ರಿಯ ಪಂದ್ಯಾಟಕ್ಕೆ ಲೈಟು, ಮೈಕು, ಟ್ರೋಫಿ, ಸನ್ಮಾನದ ಶಾಲು ಎಂದು ಎಷ್ಟು ಖರ್ಚಾಗುತ್ತದೆಂದು ಸಂಘಟಕರಿಗೇ ಗೊತ್ತು. ಆ ಹಣದಲ್ಲಿ ಹೆಚ್ಚಿನದ್ದು ಗಲ್ಫ್‌ನಲ್ಲಿ ದುಡಿಯುವ ನಮ್ಮ ಮಕ್ಕಳದ್ದೇ. ಟ್ರೋಫಿ ಕಪಾಟು ಸೇರುತ್ತದೆ, ಚೆನ್ನಾಗಿ ಆಡಿದ ಹದಿಮೂರರ ಹುಡುಗ ಮರುದಿನ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ರಾಹುಲ್ ಮಂಗಳೂರಿನ ನೆಹರೂ ಮೈದಾನದಲ್ಲಿ ಲೆದರ್ ಬಾಲ್‌ನಲ್ಲಿ ಕಲಿತು, ವಯೋಮಿತಿಯ ತಂಡಗಳನ್ನು ಹಾದು ಮೇಲೆ ಹೋದವರು. ಸಂಪಾಜೆಯ ಹುಡುಗನಿಗೆ ಆ ಮೈದಾನ ದೂರ, ಬಸ್ಸಿನಲ್ಲಿ ಹೋಗಿ ಬರುವಾಗ ದಿನವೇ ಮುಗಿಯುತ್ತದೆ. ಆದ್ದರಿಂದಲೇ ಟ್ರೋಫಿಯ ಎತ್ತರ ಒಂದಡಿ ಇಳಿಸಿ, ಉಳಿದ ದುಡ್ಡಿನಲ್ಲಿ ಇಬ್ಬರು ಮಕ್ಕಳ ತರಬೇತಿ ಮತ್ತು ಬಸ್ ಖರ್ಚು ನೋಡಿಕೊಳ್ಳಿ ಎಂದು ಯುವಕ ಸಂಘಗಳನ್ನು ನಾವು ಕೇಳುತ್ತಿದ್ದೇವೆ. ಶಾಲೆ ಬಿಡಿಸಿ ಅಲ್ಲ, ಶಾಲೆಯ ಜೊತೆಗೆ.

ಹುಡುಗಿಯರ ವಿಷಯದಲ್ಲಿ ತಾಲಿಬಾನನ್ನು ಬಯ್ಯುವುದು ಸುಲಭ. ನಮ್ಮ ಮಕ್ಕಳಿಗೆ ಶಾಲೆ ಕಾಲೇಜು ಇದೆ, ಅಲ್‌ಹಮ್ದುಲಿಲ್ಲಾ, ಫಲಿತಾಂಶದ ದಿನ ಈ ಪುಟದಲ್ಲಿ ಅವರ ಹೆಸರುಗಳೇ ಮುಂದೆ. ಆದರೆ ಏಳನೇ ತರಗತಿ ದಾಟಿದ ಹುಡುಗಿ ಓಡುವುದಕ್ಕೆ, ಚೆಂಡೆಸೆಯುವುದಕ್ಕೆ ನಮ್ಮೂರಲ್ಲಿ ಜಾಗ ಎಲ್ಲಿದೆ? ಯಾರೂ ನಿಷೇಧಿಸಿಲ್ಲ, ಯಾರೂ ಕೇಳಿಯೂ ಇಲ್ಲ. ಶಾಲೆಯ ಅಂಗಳ ಇದೆ, ಭಾನುವಾರ ಇದೆ, ಮೇಲ್ವಿಚಾರಣೆಗೆ ಉಮ್ಮಂದಿರು, ಟೀಚರ್‌ಗಳು ಇದ್ದಾರೆ. ಬರುವ ಹಂಗಾಮಿನಲ್ಲಿ ಯಾವುದಾದರೂ ಜಮಾಅತ್ ಇಂಥದ್ದೊಂದು ಏರ್ಪಾಟು ಮಾಡಿದರೆ ನಮಗೆ ತಿಳಿಸಿ. ಹುಡುಗರ ಪಂದ್ಯಾಟದ ಸುದ್ದಿಗಿಂತ ಮೇಲೆ, ಇದೇ ಪುಟದಲ್ಲಿ ಹಾಕುತ್ತೇವೆ.