ಬೆಂಚಿನ ಮೇಲೆ ಕೂರಿಸಿ ಆಟ ಕಲಿಸುವವರು

ಮೊನ್ನೆ ಭಾನುವಾರ ಬೆಳಿಗ್ಗೆ ಇಲ್ಲಿ ವಡೋದರಾದ ಒಂದು ಮೈದಾನದಲ್ಲಿ ಹತ್ತು ವರ್ಷದೊಳಗಿನ ಮಕ್ಕಳ ಫುಟ್‌ಬಾಲ್ ಪಂದ್ಯ ನೋಡುತ್ತ ನಿಂತಿದ್ದೆ. ನೋಡಿದ್ದಕ್ಕಿಂತ ಕೇಳಿಸಿಕೊಂಡಿದ್ದೇ ಜಾಸ್ತಿ. ಗೆರೆಯಾಚೆ ನಿಂತ ಕೋಚ್ "ದೋಡ, ದೋಡ! ಪಾಸ್ ಕರ!" ಅಂತ ಒಂದೇ ಸಮನೆ ಅರಚುತ್ತಿದ್ದರು. ಅವರ ಹಿಂದೆ ನಿಂತ ಅಪ್ಪಂದಿರು "ಪಾಸ್ ಬೇಡ, ನೀನೇ ಹೊಡಿ" ಅಂತ ಇನ್ನೊಂದು ರಾಗ. ಚೆಂಡು ಕಾಲಿಗೆ ಬಂದ ಹುಡುಗ ಗೋಲಿನತ್ತ ನೋಡುವುದು ಬಿಟ್ಟು ಕೋಚ್ ಮುಖ ನೋಡಿದ. ಅಷ್ಟರಲ್ಲಿ ಎದುರಿನವನು ಚೆಂಡು ಕಸಿದುಕೊಂಡು ಹೋಗಿಯಾಗಿತ್ತು. ಅದಕ್ಕೂ ಬೈಗುಳ.

ಪಂದ್ಯ ಮುಗಿದ ಮೇಲೆ ಮೆಲ್ಲಗೆ ಕೇಳಿದೆ. "ಕಾಕಾ, ಇದೇ ಮೋಟಿವೇಶನ್" ಅಂದರು!

ಕ್ಷಮಿಸಿ, ನನಗೆ ಒಪ್ಪಿಗೆಯಿಲ್ಲ. ಇದು ಹುರಿದುಂಬಿಸುವುದಲ್ಲ, ಹೆದರಿಸುವುದು. ಹೀಗೆ ಬರೆಯಲು ನನಗೇನು ಹಕ್ಕು ಅಂತೀರಾ? ಇದೇ ತಪ್ಪು ಮಾಡಿದವನೆಂಬ ಹಕ್ಕು.

ಬೆಂಗಳೂರಿನ ಆಸ್ಟಿನ್ ಟೌನ್ ಕಡೆ ಬರಿಗಾಲಲ್ಲಿ ಚೆಂಡು ಒದ್ದು ಬೆಳೆದವನು ನಾನು. ಕೆಲಸದ ಬೆನ್ನು ಹತ್ತಿ ಈ ಊರಿಗೆ ಬಂದು ಮೂವತ್ತು ವರ್ಷ ದಾಟಿತು. ಕೆಲವು ವರ್ಷ ನಮ್ಮ ಸೊಸೈಟಿ ಮಕ್ಕಳನ್ನು ಭಾನುವಾರ ಆಡಿಸುತ್ತಿದ್ದೆ. ಅದರಲ್ಲೊಬ್ಬ ಹುಡುಗ. ಸ್ವಲ್ಪ ದಪ್ಪ, ಓಟ ನಿಧಾನ. ಆದರೆ ಎಲ್ಲರಿಗಿಂತ ಮೊದಲು ಬಂದು ಮೈದಾನದ ಕಲ್ಲು ಹೆಕ್ಕಿ ಹಾಕುತ್ತಿದ್ದವನು ಅವನೇ. ಪಕ್ಕದ ಸೊಸೈಟಿ ಜೊತೆ ಪಂದ್ಯ ಬಂತು. ಹೊಸ ಶೂ ಹಾಕಿಕೊಂಡು ಬಂದಿದ್ದ. "ಇನ್ನೈದು ನಿಮಿಷ, ನಿನ್ನನ್ನೂ ಇಳಿಸ್ತೀನಿ" ಅನ್ನುತ್ತಲೇ ಕೊನೆತನಕ ಕೂರಿಸಿಬಿಟ್ಟೆ. 2-1ರಿಂದ ಗೆದ್ದೆವು. ಎಲ್ಲರಿಗೂ ಸೇವ್ ಉಸಳ್ ಕೊಡಿಸಿದೆ. ಅವನು ತಟ್ಟೆ ಮುಟ್ಟಲಿಲ್ಲ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ... ಆ ಗೆಲುವಿನಿಂದ ನನಗೆ ಸಿಕ್ಕಿದ್ದೇನು ಅಂತ ಈಗಲೂ ಕೇಳಿಕೊಳ್ಳುತ್ತೇನೆ.

ಹುರಿದುಂಬಿಸುವುದು ಅಂದಕೂಡಲೇ ನಮಗೆ ಭಾಷಣ ನೆನಪಾಗುತ್ತದೆ. 2024ರಲ್ಲಿ ಬಂದ 'ಮೈದಾನ್' ಸಿನಿಮಾ ನೋಡಿಬಂದ ಮೇಲಂತೂ ಪ್ರತಿಯೊಬ್ಬ ಕೋಚ್ ಒಳಗೂ ಒಬ್ಬ ಅಜಯ್ ದೇವಗನ್! ಸೈಯದ್ ಅಬ್ದುಲ್ ರಹೀಮ್ ದೊಡ್ಡವರು, ಎರಡು ಮಾತಿಲ್ಲ. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ. ತಲೆಗೆ ಹೊಲಿಗೆ ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ಮುಂದೆ ಆಡಿಸಿದರು, ಫೈನಲ್ಲಿನಲ್ಲಿ ಅವರೇ ಒಂದು ಗೋಲು ಹೊಡೆದರು. ಆದರೆ ಈ ರಹೀಮ್ ಮೂಲತಃ ಶಾಲಾ ಮೇಷ್ಟ್ರು. ಹೈದರಾಬಾದಿನಲ್ಲಿ ಅವರು ಡ್ರಿಬಲ್ ಮಾಡಲೇಬಾರದು ಎನ್ನುವ ಟೂರ್ನಿ, ಬಲಗಾಲಿನವರು ಎಡಗಾಲಲ್ಲೇ ಒದೆಯಬೇಕು ಎನ್ನುವಂಥ ಟೂರ್ನಿ ನಡೆಸುತ್ತಿದ್ದರು. ಅದರ ಜಾಣತನ ನೋಡಿ. ಎಡಗಾಲಲ್ಲಿ ಒದೆಯಬೇಕು ಅಂದಕೂಡಲೇ ತಂಡದ ಹೀರೋ ಕೂಡ ತಡವರಿಸುತ್ತಾನೆ, ಹಿಂದುಳಿದವನು ಅವನ ಸಮಕ್ಕೆ ಬರುತ್ತಾನೆ. ಎಲ್ಲರೂ ನಗುತ್ತಾರೆ, ನಗುತ್ತಲೇ ಕಲಿಯುತ್ತಾರೆ. ಇದಕ್ಕೆ ಭಾಷಣ ಯಾಕೆ ಬೇಕು?

ಇನ್ನು ನಮ್ಮ ಮೈದಾನದ ಲೆಕ್ಕ. ಇಪ್ಪತ್ತೆರಡು ಮಕ್ಕಳಿಗೆ ಒಂದು ಚೆಂಡು. ಅದೂ ದೊಡ್ಡವರ ಮೈದಾನ, ದೊಡ್ಡವರ ಗೋಲು: ಎಂಟು ಅಡಿ ಎತ್ತರ, ಇಪ್ಪತ್ನಾಲ್ಕು ಅಡಿ ಅಗಲ. ನಾಲ್ಕಡಿ ಚಿಲ್ಲರೆ ಎತ್ತರದ ಗೋಲಿ ಅಲ್ಲಿ ನಿಂತು ಏನು ಮಾಡಬೇಕು ಸ್ವಾಮೀ, ಹಾರಬೇಕಾ? ತಲೆಯ ಮೇಲಿಂದ ಚೆಂಡು ಹೋದರೆ "ನಿದ್ದೆ ಮಾಡ್ತಿದ್ದೀಯಾ" ಅಂತ ಬೈಯುತ್ತೇವೆ. ನಾಲ್ಕು ನಾಲ್ಕು ಜನರ ತಂಡ ಮಾಡಿ, ಎರಡು ಇಟ್ಟಿಗೆ ಇಟ್ಟು ಗೋಲು ಮಾಡಿ. ಎಂಟು ಮಕ್ಕಳಿಗೆ ಒಂದು ಚೆಂಡಾದರೆ ಎಲ್ಲರ ಕಾಲಿಗೂ ಸಿಗುತ್ತದೆ, ಯಾರೂ ಅಡಗಿಕೊಳ್ಳಲಾಗದು. ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2018ರಲ್ಲಿ ಗೋಲ್ಡನ್ ಬೇಬಿ ಲೀಗ್ ಶುರುಮಾಡಿದಾಗ ಹೇಳಿದ್ದೂ ಇದನ್ನೇ: ಚಿಕ್ಕ ಮಕ್ಕಳಿಗೆ ಚಿಕ್ಕ ಮೈದಾನ, ಚಿಕ್ಕ ತಂಡ. ಓದಿದವರೆಷ್ಟು ಮಂದಿ?

"ಹಾಗಾದರೆ ಗೆಲ್ಲೋದೇ ಬೇಡವಾ?" ಅಂತ ಅಪ್ಪಂದಿರು ಕೇಳುತ್ತಾರೆ. ಇರ್ಫಾನ್, ಯೂಸುಫ್, ಪಾಂಡ್ಯ ಸಹೋದರರು ಆಡಿ ಬೆಳೆದ ಊರಲ್ವಾ, ಎಲ್ಲರಿಗೂ ಮನೆಯಲ್ಲೊಬ್ಬ ಸ್ಟಾರ್ ಬೇಕು. ಬೇಕು, ಗೆಲ್ಲಲಿ. ಮಕ್ಕಳಿಗೆ ಗೆಲ್ಲುವ ಆಸೆ ನಾವು ಹೇಳಿಕೊಡಬೇಕಾಗಿಲ್ಲ. ಕಪ್ಪು ಬೇಕಾಗಿರುವುದು ನಮಗೆ, ಫೋಟೋ ತೆಗೆಸಿಕೊಳ್ಳಲು. ನಾರ್ವೆಯಲ್ಲಿ ಹನ್ನೊಂದು ತುಂಬುವ ವರ್ಷದ ತನಕ ಮಕ್ಕಳ ಆಟಕ್ಕೆ ಅಂಕಪಟ್ಟಿ, ರ‍್ಯಾಂಕಿಂಗ್ ಇಡುವ ಹಾಗೇ ಇಲ್ಲ. ಎರ್ಲಿಂಗ್ ಹಾಲಂಡ್ ಆಡುತ್ತ ಬೆಳೆದದ್ದು ಆ ದೇಶದ ಬ್ರೈನ್ ಅನ್ನೋ ಪುಟ್ಟ ಊರಲ್ಲಿ. ಗೋಲು ಹೊಡೆಯುವುದನ್ನೇನೂ ಅವನು ಮರೆತಿಲ್ಲ.

ಮೊನ್ನೆಯ ಪಂದ್ಯದಲ್ಲೂ ಮೂವರು ಮಕ್ಕಳು ಕೊನೆತನಕ ಕೂತೇ ಇದ್ದರು. ಅವರಲ್ಲೊಬ್ಬ ಲೇಸು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದ. ಹೆಸರು ಕೇಳಿಕೊಂಡು ಬಂದಿದ್ದೇನೆ. ಬರುವ ಭಾನುವಾರ ಅವನು ಬರುತ್ತಾನಾ ನೋಡಬೇಕು.