ಮೊದಲು ಬಣ್ಣ, ಆಮೇಲೆ ಮದ್ದು

ಭಾಲ್ಕಿ, ಔರಾದ ಭಾಗದ ಒಕ್ಕಲಿಗೆ ದೇವಣಿ ಆಕಳು ಹಾಲಿಗೂ ಅದರ ಹೋರಿ ಉಳುಮೆಗೂ ಆಧಾರವಾಗಿವೆ. ಕೆಚ್ಚಲು ಬಾವು ಕಂಡೊಡನೆ ರೋಗಾಣು ಯಾವುದೆಂದು ನೋಡದೆ ಪ್ರತಿಜೈವಿಕವನ್ನು ಚುಚ್ಚಿಸುವುದು ಕುರುಡು ಚಿಕಿತ್ಸೆಯೇ ಸರಿ. ಹಣ ಹೋಗುವುದಲ್ಲದೆ, ಅಳಿಯದೆ ಉಳಿದ ರೋಗಾಣು ಮದ್ದಿಗೆ ಜಗ್ಗದಂತಾಗುತ್ತದೆ.

1884ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಪ್ರಕಟಿಸಿದ ವಿಧಾನದ ಇಂದಿನ ರೂಪ ಸರಳವಾದುದು: ಗಾಜುಪಟ್ಟಿಯ ಲೇಪಕ್ಕೆ ನೇರಳೆ ಬಣ್ಣ, ಅಯೋಡಿನ್, ಮದ್ಯಸಾರ, ಕಡೆಗೆ ಸಫ್ರಾನಿನ್. ದಪ್ಪ ಕೋಶಭಿತ್ತಿಯ ಸ್ಟೆಫಿಲೊಕಾಕಸ್ ನೇರಳೆಯಾಗಿಯೇ ಉಳಿಯುವುದು, ಇ. ಕೋಲಿ ಕೆಂಪೇರುವುದು. ಮದ್ದಿನ ಆಯ್ಕೆಗೆ ಇದು ಮೊದಲ ಸುಳಿವು ಮಾತ್ರ. ಯಾವ ಮದ್ದು ನಾಟುವುದೆಂಬುದನ್ನು ಅಗರ್ ತಟ್ಟೆಯೇ ಹೇಳಬೇಕು. ಬೀದರಿನಲ್ಲಿಯೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿರುವಾಗ ಹಾಲಿನ ಮಾದರಿಯ ಪರೀಕ್ಷೆ ದೂರದ ಮಾತಾಗಬಾರದು.

ದಾನಿಗಳು ಕೊಠಡಿಯ ಜೊತೆಗೆ ಒಂದು ಉತ್ತಮ ಸೂಕ್ಷ್ಮದರ್ಶಕವನ್ನೂ ಕೊಡಿಸಲಿ. ಶಾಲೆಯಲ್ಲಿ ರೋಗಾಣು ಬೇಡ. ಮನೆಯ ಮೊಸರಿನ ಲೇಪವೇ ಸಾಕು, ಅದರ ಲ್ಯಾಕ್ಟೊಬ್ಯಾಸಿಲಸ್ ಚೆನ್ನಾಗಿ ನೇರಳೆಯಾಗುತ್ತದೆ.