ಉಳಿದ ಜೀವಕ್ಕೆ ನಡೆಯುವ ಕಾಲೂ ಬೇಕು

ಕಾಪುವಿನ ಕಡೆಯ ಗೃಹಸ್ಥರೊಬ್ಬರನ್ನು ಮನೆಯವರು ಕಾರ್ಕಳದ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ತೀವ್ರ ಸೋಂಕಿನಿಂದಾಗಿ ಅವರು ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಹದಿನೆಂಟು ದಿನ, ಬಹುಪಾಲು ಪ್ರಜ್ಞೆಯಿಲ್ಲದೆ, ಮಲಗಿದ್ದರು. ಶ್ವಾಸಕೋಶ ಸುಧಾರಿಸಿತ್ತು, ಮೂತ್ರಪಿಂಡವೂ ಸುಧಾರಿಸಿತ್ತು. ಆದರೆ ಬಲಪಾದ ಮೇಲಕ್ಕೆ ಏಳುತ್ತಿರಲಿಲ್ಲ. ಬೆರಳು ನೆಲಕ್ಕೆ ಎಡವದಿರಲೆಂದು ಮೊಣಕಾಲನ್ನು ಎತ್ತೆತ್ತಿ ಇಡುತ್ತಿದ್ದರು; ಕಾಲಿನಿಂದ ಚಪ್ಪಲಿ ಜಾರಿದರೂ ಅವರಿಗೆ ತಿಳಿಯುತ್ತಿರಲಿಲ್ಲ. “ಜೀವ ಉಳಿದದ್ದೇ ದೊಡ್ಡದು ಡಾಕ್ಟ್ರೇ. ಕಾಲಿನದ್ದು ವಾತ ಇರಬೇಕು, ಎಣ್ಣೆ ಹಾಕಿ ಉಜ್ಜಿದರೆ ಸರಿಯಾದೀತು ಅಂತ ಬಂದೆವು” ಎಂದರು ಅವರ ಪತ್ನಿ. ಮನೆಗೆ ಬಂದು ಆಗಲೇ ಎರಡು ತಿಂಗಳಾಗಿತ್ತು. ಪಾದದ ಮೇಲ್ಭಾಗದಲ್ಲಿ ಸುಟ್ಟ ಕಲೆಗಳೆರಡಿದ್ದವು. ಯಾರೋ ಬಿಸಿ ಉಪ್ಪಿನ ಗಂಟಿನಿಂದ ಶಾಖ ಕೊಟ್ಟಿದ್ದರು.

ಮೊಣಕಾಲಿನ ಹೊರಮಗ್ಗುಲಲ್ಲಿ, ಕೀಲಿಗಿಂತ ತುಸು ಕೆಳಗೆ, ಮೂಳೆಯ ಗಂಟೊಂದು ಕೈಗೆ ಸಿಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಹೋಗುವ ಪೆರೋನಿಯಲ್ ನರವು ಆ ಗಂಟಿನ ಬುಡವನ್ನು ಬಳಸಿಕೊಂಡು, ಚರ್ಮದ ಅಡಿಯಲ್ಲೇ ಸಾಗುತ್ತದೆ. ನಾವು ನಿದ್ದೆಯಲ್ಲಿ ಅರಿವಿಲ್ಲದೆಯೇ ಮಗ್ಗುಲು ಬದಲಿಸುವುದರಿಂದ ಆ ನರ ಕ್ಷೇಮವಾಗಿರುತ್ತದೆ. ವೆಂಟಿಲೇಟರಿನಲ್ಲಿ ಮತ್ತಿನ ಔಷಧದಡಿ ಮಲಗಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಕಾಲು ಹೊರಮುಖವಾಗಿ ಹೊರಳಿ, ಹಾಸಿಗೆಗೋ ಮಂಚದ ಕಂಬಿಗೋ ಒತ್ತಿಕೊಂಡು ಗಂಟೆಗಟ್ಟಲೆ ಹಾಗೆಯೇ ಇರುತ್ತದೆ. ಮೈ ಬತ್ತಿ ಕೊಬ್ಬಿನ ಮೆತ್ತೆ ಕರಗಿದವರಿಗೂ ಮಧುಮೇಹಿಗಳಿಗೂ ಅಪಾಯ ಇನ್ನೂ ಹೆಚ್ಚು. ಮೊಣಕೈಯ ಒಳಮಗ್ಗುಲ ಅಲ್ನಾರ್ ನರದ ಕಥೆಯೂ ಇದೇ. ಅಲ್ಲಿ ತಾಗಿದರೆ ಕಿರುಬೆರಳಿನವರೆಗೆ ಕರೆಂಟು ಹೊಡೆದಂತಾಗುವುದನ್ನು ಯಾರು ಅನುಭವಿಸಿಲ್ಲ?

ಕೋವಿಡ್ ಕಾಲದಲ್ಲಿ ಉಸಿರಾಟ ಸುಧಾರಿಸಲೆಂದು ರೋಗಿಗಳನ್ನು ದಿನಕ್ಕೆ ಹದಿನಾರು ಗಂಟೆ ಬೋರಲಾಗಿ ಮಲಗಿಸುತ್ತಿದ್ದರು. ಅದರಿಂದ ಎಷ್ಟೋ ಜೀವಗಳು ಉಳಿದವು. ಆದರೆ 2020ರಲ್ಲಿ ಅಮೆರಿಕದ ಶಿಕಾಗೋದ ವೈದ್ಯರು ತೀವ್ರ ಕೋವಿಡ್‌ನಿಂದ ಪಾರಾಗಿ ಪುನಶ್ಚೇತನ ಚಿಕಿತ್ಸೆಗೆ ಬಂದ 83 ಮಂದಿಯನ್ನು ಪರೀಕ್ಷಿಸಿದಾಗ, ಅವರಲ್ಲಿ 12 ಮಂದಿಗೆ ನರದ ಪೆಟ್ಟು ಕಂಡುಬಂದಿತು. ಆ ಹನ್ನೆರಡರಲ್ಲಿ 11 ಮಂದಿ ಬೋರಲಾಗಿ ಮಲಗಿದ್ದವರೇ.

ದಾದಿಯರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಅವರ ಶ್ರಮ ಸಾಮಾನ್ಯವಾದುದಲ್ಲ. ಹಾಸಿಗೆ ಹುಣ್ಣು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎಲ್ಲರೂ ಅದಕ್ಕೆ ಅಂಜುತ್ತಾರೆ. ನರ ನಲುಗಿದರೆ ಗಾಯವಿಲ್ಲ, ರಕ್ತವಿಲ್ಲ, ಪ್ರಜ್ಞೆಯಿಲ್ಲದ ರೋಗಿಯ ದೂರೂ ಇಲ್ಲ. ಈ ಪತ್ರಿಕೆಯ ಓದುಗರಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆಗಳಿಂದ ಘಾಟಿ ಇಳಿದು ಮಣಿಪಾಲಕ್ಕೋ ಉಡುಪಿಗೋ ಬಂದು, ಐಸಿಯು ಬಾಗಿಲ ಹೊರಗೆ ದಿನಗಟ್ಟಲೆ ಕುಳಿತವರು ಕೆಲವರಾದರೂ ಇದ್ದಾರು. ಒಳಗೆ ಬಿಟ್ಟ ಆ ಹತ್ತು ನಿಮಿಷದಲ್ಲಿ ಮಾನಿಟರಿನ ಅಂಕಿಗಳನ್ನು ನೋಡುವುದರ ಜೊತೆಗೆ ಹೊದಿಕೆಯ ತುದಿಯನ್ನೂ ಸರಿಸಿ ನೋಡಿರಿ. ಮೊಣಕಾಲಿನ ಹೊರಬದಿ ಕಂಬಿಗೆ ತಾಗಿದೆಯೇ? ಪಾದ ಮುಂದಕ್ಕೆ ಜೋತುಬಿದ್ದಿದೆಯೇ? ಮೊಣಕೈಯ ಅಡಿ ಮೆತ್ತೆಯಿದೆಯೇ? ಸಂಶಯವಿದ್ದರೆ ವಿನಯದಿಂದ ಕೇಳಿರಿ. ಎಚ್ಚರಗೊಂಡ ಮೇಲೆ ಪಾದವನ್ನೂ ಕಾಲಿನ ಹೆಬ್ಬೆರಳನ್ನೂ ತಮ್ಮತ್ತ ಎಳೆದುಕೊಳ್ಳಲು ರೋಗಿಗೆ ಹೇಳಿರಿ. ದೀರ್ಘ ಕಾಯಿಲೆಯ ನಿತ್ರಾಣವಾದರೆ ಎರಡೂ ಕಡೆ ಸರಿಸಮನಾಗಿ ಇರುತ್ತದೆ. ಒಂದೇ ಪಾದ ಏಳದಿದ್ದರೆ ಅದನ್ನು ‘ನಿತ್ರಾಣ’ವೆಂದು ಬಿಟ್ಟುಬಿಡಬಾರದು, ಮನೆಗೆ ಹೊರಡುವ ಮುನ್ನವೇ ವೈದ್ಯರಿಗೆ ತೋರಿಸಬೇಕು.

ಇನ್ನು ನಮ್ಮವರ ಮಾತು. ಸುಶ್ರುತರು ಎಣಿಸಿದ 107 ಮರ್ಮಗಳಲ್ಲಿ ಜಾನು ಮತ್ತು ಕೂರ್ಪರ, ಅಂದರೆ ಮೊಣಕಾಲು ಮತ್ತು ಮೊಣಕೈ, ವೈಕಲ್ಯಕರ ಮರ್ಮಗಳು. ಪೆಟ್ಟಾದರೆ ಪ್ರಾಣ ಹೋಗದು, ಆದರೆ ಕಾಲು ಕುಂಟಾಗುತ್ತದೆ, ಕೈ ಊನವಾಗುತ್ತದೆ. ಅವರು ಹೇಳಿದ್ದು ಆಯುಧದ ಪೆಟ್ಟಿನ ವಿಚಾರ. ಐಸಿಯು ಕುರಿತು ಆಗಲೇ ಬರೆದಿದ್ದರೆಂದು ಬೀಗುವುದು ಬೇಡ. ಆದರೆ ಆ ಶ್ಲೋಕಗಳನ್ನು ಬಾಯಿಪಾಠ ಮಾಡಿದ ನಾವೇ ಜೋತುಬಿದ್ದ ಪಾದವನ್ನು ಕಂಡೊಡನೆ ‘ವಾತ’ ಎಂದು ಬರೆದು ಎಣ್ಣೆ, ಶಾಖಗಳಿಗೆ ಕೈಹಾಕುತ್ತೇವೆ. ಮೂವತ್ತು ವರ್ಷಗಳ ಹಿಂದೆ ನಾನೂ ಅಂಥದೊಂದು ಕಾಲಿಗೆ ಪತ್ರಪೋಟಲಿ ಸ್ವೇದ ಮಾಡಿಸಿದ್ದೆ. ಸ್ಪರ್ಶವಿಲ್ಲದ ಚರ್ಮ ಬಿಸಿಯನ್ನು ಹೇಳುವುದಿಲ್ಲ. ಬೊಕ್ಕೆ ಎದ್ದ ಮೇಲೆ ನನಗೆ ಬುದ್ಧಿ ಬಂತು. ಉಗುರುಬೆಚ್ಚಗಿನ ತೈಲವನ್ನು ಹಗುರವಾಗಿ ಸವರುವುದರಿಂದ ಚರ್ಮಕ್ಕೂ ಕೀಲಿಗೂ ಹಿತ. ಅದು ನರವನ್ನು ಬೆಳೆಸುತ್ತದೆಂದು ಹಣ ಪಡೆಯುವುದು ಸರಿಯಲ್ಲ.

ಹೊರಪೊರೆ ಮಾತ್ರ ನಲುಗಿದ್ದರೆ ನರ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಚೇತರಿಸಿಕೊಳ್ಳುತ್ತದೆ. ಒಳಗಿನ ಎಳೆಗಳೇ ತುಂಡಾಗಿದ್ದರೆ ಅವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯಬೇಕು. ಮೊಣಕಾಲಿನಿಂದ ಪಾದದವರೆಗೆ ಸಾಗಲು ವರ್ಷವೇ ಬೇಕಾದೀತು. ಯಾವುದೆಂಬುದನ್ನು ನರವಹನ ಪರೀಕ್ಷೆ ಮತ್ತು ಸ್ನಾಯುವಿನ ಸೂಜಿ ಪರೀಕ್ಷೆ ತಿಳಿಸುತ್ತವೆ. ಪೆಟ್ಟಾಗಿ ಮೂರು ವಾರಗಳಾದ ಮೇಲೆ ಚಿತ್ರ ಸ್ಪಷ್ಟವಾಗುತ್ತದೆ. ಈ ಅವಧಿಯಲ್ಲಿ ಪಾದವನ್ನು ಜೋತುಬಿಟ್ಟರೆ ಹಿಮ್ಮಡಿಯ ಸ್ನಾಯುರಜ್ಜು ಮೊಟಕಾಗಿ ಬಿಗಿಯುತ್ತದೆ. ಆಮೇಲೆ ನರ ಮರಳಿದರೂ ಪಾದ ಏಳಲಾರದು. ಪಾದವನ್ನು ಲಂಬಕೋನದಲ್ಲಿ ಹಿಡಿದಿಡುವ ಸ್ಪ್ಲಿಂಟೂ ನಿತ್ಯದ ಫಿಸಿಯೋಥೆರಪಿಯೂ ಔಷಧಕ್ಕಿಂತ ಮುಖ್ಯವೆಂದು ನಾನು ಹೇಳುವುದು ಇದಕ್ಕಾಗಿಯೇ.

ಕಾಪುವಿನ ಆ ಗೃಹಸ್ಥರನ್ನು ಅಂದೇ ನರರೋಗ ತಜ್ಞರಲ್ಲಿಗೆ ಕಳುಹಿಸಿದೆ. ಅಷ್ಟರಲ್ಲಿ ಹಿಮ್ಮಡಿ ಅರ್ಧ ಬಿಗಿದಿತ್ತು. ಅದನ್ನು ಸಡಿಲಿಸುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಈಗ ಹೆಬ್ಬೆರಳು ಅಲುಗುತ್ತದೆ, ಪಾದ ಮುಕ್ಕಾಲು ಪಾಲು ಏಳುತ್ತದೆ. ಮನೆಯ ಹೊಸ್ತಿಲು ದಾಟುವಾಗ ಮಾತ್ರ ಇಂದಿಗೂ ತಲೆ ತಗ್ಗಿಸಿ ಕಾಲನ್ನು ನೋಡಿಕೊಳ್ಳುತ್ತಾರೆ.